ಹೀರೋನ ಸೊಂಟದ ಅಳತೆ

ಫ್ರೇಮ್ ಹಾಕುವ ಅಂಗಡಿಯ ಸಾಲಿನಲ್ಲಿ ನಿಂತಿದ್ದ ನರ್ಸಿಗೆ ಮುಂದೆ ನಿಂತಿದ್ದ ಗಂಡಹೆಂಡಿರ ಮಾತು ಕೇಳಿಸಿತು. ಗಂಡನ ಕೈಯಲ್ಲಿ ಹಳೆಯ ಸೂಪರ್‌ಹೀರೋ ಸಿನಿಮಾದ ಉಡುಪಿಗೆಂದು ಕಾಗದದ ಮೇಲೆ ಬರೆದ ಮೂಲ ಚಿತ್ರವಿತ್ತು.

"ಅಂಚಲ್ಲಿ ಪೆನ್ಸಿಲ್ ಬರಹ ಇತ್ತಲ್ಲ, ಎಲ್ರೀ?"

"ಕೊಳೆ ಅಂತ ರಬ್ಬರ್ ಹಾಕಿ ಉಜ್ಜಿಬಿಟ್ಟೆ ಕಣೇ."

"ಅದು ನಮ್ಮಪ್ಪ ಬರೆದ ಅಳತೆ! ಆ ಹೀರೋಗೆ ಬಟ್ಟೆ ಹೊಲಿದೋರು ಅವರೇ. ಅವರ ಅಕ್ಷರ ಅಂತ ಉಳಿದಿದ್ದು ಅದೊಂದೇ."

"ಅಯ್ಯೋ, ನೀನು ಹೇಳ್ಲೇ ಇಲ್ಲ."

"ನೀವು ಕೇಳಿದ್ದೆಲ್ಲ ಹೀರೋ ವಿಷಯ."

ಗಂಡ ಚಿತ್ರವನ್ನು ಬೆಳಕಿಗೆ ಓರೆಯಾಗಿ ಹಿಡಿದ.

"ಇಲ್ನೋಡು, ಒತ್ತಿದ ಗುರುತು ಹಾಗೇ ಇದೆ. 'ಸೊಂಟ ನಲವತ್ನಾಲ್ಕು, ಹೊಟ್ಟೆ ಒಳಗೆಳೆದಾಗ.'"

ಹೆಂಡತಿ ಕಣ್ಣೊರೆಸಿಕೊಂಡು ನಕ್ಕಳು.

"ಅಪ್ಪ ಒತ್ತಿ ಬರೀತಿದ್ರು. ಕಿಟಕಿ ಪಕ್ಕ ನೇತುಹಾಕೋಣ, ಓರೆ ಬೆಳಕಲ್ಲಿ ಗುರುತು ಕಾಣುತ್ತೆ."

"ಆಯ್ತು."

"ಮೊದಲು ಆ ರಬ್ಬರ್ ನನ್ನ ಕೈಗೆ ಕೊಡಿ."

ಸರದಿ ಬಂತು. ಚಿತ್ರವನ್ನು ಹೆಂಡತಿಯೇ ಎತ್ತಿಕೊಂಡು ಒಳಗೆ ನಡೆದಳು.