ರಾಮಕ್ಕ ಗುರುತಿಸದ ಕತೆ

ಎಪ್ಪತ್ತಾರನೇ ಇಸವಿಯ ಶ್ರಾವಣ ಶನಿವಾರ. ದೇವರ ದರ್ಶನ ಮುಗಿಸಿ ವಿಜಯನಗರದ ಬಸ್ ನಿಲ್ದಾಣದಲ್ಲಿ ಕುಳಿತಿದ್ದೆ. ಪಕ್ಕದಲ್ಲಿ ಇಬ್ಬರು ಕಾಲೇಜು ಹುಡುಗಿಯರು.

"ಥೂ, ಆ ಕತೆ ನೆನೆಸ್ಕೊಂಡ್ರೆ ಹೇಸಿಗೆ ಆಗತ್ತೆ ಕಣೇ ಪಂಕಜಾ."

"ಇವತ್ತು ಅದೇ ಕತೆ ಬರೆದು ಫಸ್ಟ್ ಪ್ರೈಜ್ ತಗೊಳ್ಳೋಳು ಆಡೋ ಮಾತೇನೇ ಕೋಕಿಲಾ!"

"ನಮ್ಮನೆ ಪಾತ್ರೆ ತೊಳೆಯೋ ರಾಮಕ್ಕನ ಕತೆ ಅದು. ಗಂಡ ಸತ್ತಾಗ ಎದೆ ಬಡ್ಕೊಂಡು ಅತ್ಲು ಅಂತ ಎರಡು ಪುಟ ಕೊರೆದಿದೀನಿ. ನಿನ್ನೆ ಅವಳಿಗೇ ಓದಿ ಹೇಳ್ದೆ."

"ಅತ್ಲಾ?"

"'ಪಾಪ, ಯಾರಮ್ಮ ಆ ಹೆಂಗ್ಸು?' ಅಂದ್ಲು."

ಪಂಕಜಾ ನಕ್ಕಳು. "ನಿಜವಾಗ್ಲೂ ಏನ್ಮಾಡಿದ್ಲಂತೆ ಗಂಡ ಸತ್ತ ದಿನ?"

"ಗೊತ್ತಿಲ್ಲ. ಏಳು ವರ್ಷದಿಂದ ಬರ್ತಿದಾಳೆ, ಒಂದಿನಾನೂ ಕೇಳಿಲ್ಲ."

ಬಸ್ಸು ಬಂತು.

"ಬಾರೇ, ಪ್ರೈಜ್ ಕೊಡೋ ಹೊತ್ತಾಯ್ತು."

"ನೀನು ಹೋಗು. ಕತೆ ವಾಪಸ್ ತಗೊಂಡ್ಲು ಅಂತ ಹೇಳ್ಬಿಡು. ನಾನು ರಾಮಕ್ಕನ ಮನೆಗೆ ಹೋಗ್ತೀನಿ."

ಪಂಕಜಾ ಬಸ್ಸು ಹತ್ತಿದಳು. ಕೋಕಿಲಾ ರಸ್ತೆ ದಾಟಿ ಮೂಡಲಪಾಳ್ಯದ ಕಡೆ ನಡೆದಳು.