ಭೂತಗನ್ನಡಿಯನ್ನು ಕರೆಯದ ಪಾರ್ಟಿ

ಆಸ್ಪತ್ರೆಯಲ್ಲಿ ಲಿಫ್ಟಿಗೆ ಕಾಯುತ್ತಿದ್ದೆ. ಮುಂದೆ ಅಕ್ಕ, ತಮ್ಮ ನಿಂತಿದ್ದರು. ತಮ್ಮನ ಕೊರಳಲ್ಲಿ ಯಾವುದೋ ಪಾರ್ಟಿಯ ಬ್ಯಾಡ್ಜು ಇನ್ನೂ ನೇತಾಡುತ್ತಿತ್ತು.

"ನಿನ್ನೆ ರಾತ್ರಿ ಪಾರ್ಟಿ ಚೆನ್ನಾಗಿತ್ತೇನೋ?"

"ಇತ್ತು. ಪುಕ್ಕಟೆ ಸಾಫ್ಟ್‌ವೇರ್ ಬರೆದುಕೊಟ್ಟೋರಿಗೆ ಥ್ಯಾಂಕ್ಸ್ ಹೇಳೋಕೆ ಅಂತ ಕೆಲವರನ್ನ ಮಾತ್ರ ಕರೆದಿದ್ರು."

"ಮತ್ತೆ ಮುಖ ಯಾಕೆ ಹಿಂಗಿದೆ?"

"ನಮ್ಮ ಭೂತಗನ್ನಡಿನ ಕರೀಲಿಲ್ಲ ಅಕ್ಕ. ನಾವು ಬರೆದದ್ದನ್ನೆಲ್ಲ ಓದಿ, ತಪ್ಪು ಹಿಡಿದು, ಆಮೇಲೇ ಒಪ್ಪಿಗೆ ಕೊಡ್ತಿದ್ಲಲ್ಲ, ಅವಳನ್ನ."

"ಅವಳನ್ನೇ ಬಿಟ್ರಾ?"

"ಯಾರು ಎಷ್ಟು ಬರೆದ್ರು ಅಂತ ನೋಡಿ ಕರೆದ್ರು. ಅವಳು ಬರೀತಿರಲಿಲ್ಲ, ಓದ್ತಿದ್ಲು. ಸಾಲದ್ದಕ್ಕೆ ನಾವು ಪಾರ್ಟಿ ಫೋಟೋನೂ ಎಲ್ಲರಿಗೂ ಕಾಣೋ ಹಾಗೆ ಹಾಕಿದ್ವಿ."

"ಬೇಜಾರಾಗಿರತ್ತೆ, ಪಾಪ."

"ಇವತ್ತು ಬೆಳಿಗ್ಗೆ ಕೆಲಸ ಬಿಟ್ಲು. ಒಪ್ಪಿಗೆ ಕೊಡೋ ಅಧಿಕಾರನ ಕೇಳಿದ ಯಾವನಿಗೋ ಕೊಟ್ಟುಬಿಟ್ಟಿದ್ದಾಳೆ. ಅವನು ಯಾರು ಅಂತ ನಮಗೆ ಯಾರಿಗೂ ಗೊತ್ತಿಲ್ಲ. ಬಂದವನೇ ಸಾಫ್ಟ್‌ವೇರಲ್ಲಿ ಏನೋ ಬದಲಾಯಿಸಿ ಹೊರಗೆ ಬಿಟ್ಟಿದ್ದಾನೆ."

"ಹೋಗ್ಲಿ ಬಿಡೋ. ಕಂಪ್ಯೂಟರ್ ತಾನೆ."

ತಮ್ಮ ಬ್ಯಾಡ್ಜನ್ನು ಮುಷ್ಟಿಯಲ್ಲಿ ಹಿಡಿದುಕೊಂಡ.

"ಅಮ್ಮನಿಗೆ ಹನಿ ಹನಿಯಾಗಿ ಔಷಧಿ ಬಿಡ್ತಿದೆಯಲ್ಲ, ಆ ಮೆಷಿನ್ನು. ಅದರೊಳಗೆ ಓಡ್ತಿರೋದು ನಮ್ಮದೇ ಸಾಫ್ಟ್‌ವೇರ್, ಅಕ್ಕ."

ಅಕ್ಕ ಅವನ ಮುಖವನ್ನೇ ನೋಡಿದಳು.

"ಆ ಮೆಷಿನ್ನಿಗೆ ಏನೋ ಹೊಸ ಅಪ್‌ಡೇಟ್ ಬಂದಿದೆ, ಹಾಕ್ಲಾ ಅಂತ ನರ್ಸ್ ಕೇಳಿದ್ರು ಕಣೋ. ನಾನು ಹ್ಞೂಂ ಅಂದು ಬಂದೆ."

ಲಿಫ್ಟಿನ ಬಾಗಿಲು ತೆರೆಯುವಷ್ಟರಲ್ಲಿ ಇಬ್ಬರೂ ಮೆಟ್ಟಿಲು ಹತ್ತಿ ಓಡುತ್ತಿದ್ದರು.