ಕಮರಿಯೊಳಗಿಂದ ಹಾಕಿದ ಒಂದು ಕೂ

ಹೆಸರು: ಭಾಗೀರಥಿ ಕೋಂ ವಿಷ್ಣುಮೂರ್ತಿ. ವಯಸ್ಸು: 61. ಉದ್ಯೋಗ: ನಿವೃತ್ತ ಶಾಲಾ ಶಿಕ್ಷಕಿ. ವಾಸ: ಬಸ್ ನಿಲ್ದಾಣದ ಹಿಂದಿನ ರಸ್ತೆ, ಕಳಸ.

ಠಾಣೆಯಿಂದ ಕರೆ ಬಂದಿದ್ದರಿಂದ ಹಾಜರಾಗಿ, ಬರೆದುಕೊಳ್ಳಲು ಕುಳಿತ ಪೇದೆಯವರು ನನ್ನ ಮಾತಿನ ವೇಗಕ್ಕೆ ಸೋತು ಪೆನ್ನನ್ನು ನನ್ನ ಕೈಗೇ ಕೊಟ್ಟಿದ್ದರಿಂದ, ಸ್ವಂತ ಅಕ್ಷರದಲ್ಲಿ ಬರೆದು ತಿಳಿಸುವುದೇನೆಂದರೆ:

ನಮ್ಮ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಜಯದೇವಪ್ಪನವರ ಹೆಂಡತಿ ಬಸಮ್ಮ ನನ್ನ ಸ್ನೇಹಿತೆ. ನಾವಿಬ್ಬರೂ ಪ್ರತಿ ವರ್ಷ ಮಳೆ ಬಿಟ್ಟ ಮೇಲೆ ಅರಣ್ಯ ಇಲಾಖೆಯ ಅನುಮತಿ ಪಡೆದು, ನಿಯಮದಂತೆ ವಾಚರ್ ಚನ್ನಕೇಶವನನ್ನು ಜೊತೆಗೆ ಕರೆದುಕೊಂಡು, ಸರ್ಕಾರಿ ಕಾಡಿನ ಒಳಗಿರುವ ಒಂದು ಕಮರಿಗೆ ಹೋಗುತ್ತೇವೆ. ಅದಕ್ಕೆ ಹೆಸರಿಲ್ಲ. ಎರಡು ಕೈ ಚಾಚಿದರೆ ಎರಡೂ ಕಡೆಯ ಬಂಡೆ ಬೆರಳಿಗೆ ತಾಗುತ್ತದೆ. ತಲೆ ಎತ್ತಿದರೆ ಆಕಾಶ ಸೀರೆಯ ಅಂಚಿನಷ್ಟೇ ಕಾಣುತ್ತದೆ. ಕೊನೆಯಲ್ಲಿ ಕುತ್ತಿಗೆವರೆಗೆ ನೀರು ಬರುವ ಒಂದು ಗುಂಡಿ ಇದೆ. ಅಲ್ಲಿ ಬೋರ್ಡಿಲ್ಲ, ಬಾಟಲಿಯಿಲ್ಲ, ಕುರುಕಲು ತಿಂಡಿಯ ಖಾಲಿ ಪೊಟ್ಟಣವಿಲ್ಲ. ಜಗತ್ತಿನಲ್ಲಿ ನನಗೆ ಅದಕ್ಕಿಂತ ಇಷ್ಟವಾದ ಜಾಗ ಇನ್ನೊಂದಿಲ್ಲ. ಇದು ನನ್ನ ಯಜಮಾನರಿಗೂ ಗೊತ್ತು, ಅವರಿಗೆ ಬೇಸರವಿಲ್ಲ.

ದಿನಾಂಕ 8-10-2023ರ ಭಾನುವಾರ ಬೆಳಿಗ್ಗೆ ನಾವು ಮೂವರು ಹೊರಟೆವು. ಹನ್ನೊಂದರ ಸುಮಾರಿಗೆ ಕಮರಿಯ ಬಾಯಿ ತಲುಪಿದೆವು. ಚನ್ನಕೇಶವ ತಾನು ಮೇಲೆಯೇ ಕಾವಲಿರುವುದಾಗಿ ಹೇಳಿ ಬಂಡೆಯ ಮೇಲೆ ಟವೆಲ್ ಹಾಸಿದನು. ಅವನ ಕಾವಲು ಎಂಥದ್ದೆಂದು ನಮಗೆ ಮೊದಲಿನಿಂದಲೂ ಗೊತ್ತಿರುವುದರಿಂದ ನಾವಿಬ್ಬರೇ ಇಳಿದೆವು.

ಬಸಮ್ಮ ಸೀರೆ ಎತ್ತಿ ಕಟ್ಟಿ ಗುಂಡಿಗೆ ಇಳಿದವರು ಏಳಲೇ ಇಲ್ಲ. ಹೊತ್ತಾಗುತ್ತದೆ ಎಂದು ನಾನು ಕರೆದಾಗ, "ಇನ್ನೊಂದೇ ಒಂದು ಮುಳುಗು ಟೀಚರೇ, ಅಂಗಡಿಯಲ್ಲಿ ಮೊಳೆ ತೂಗಿ ತೂಗಿ ಸಾಕಾಗಿದೆ ಮಾರಾಯ್ರೆ" ಎಂದರು. ಈ ಒಂದೇ ಒಂದು ಮುಳುಗು ಅರ್ಧ ಗಂಟೆಗೂ ಮೀರಿ ನಡೆಯಿತು. ನಾವು ತಡವಾಗುತ್ತೇವೆಂದು ಮೇಲಿರುವ ಚನ್ನಕೇಶವನಿಗೆ ತಿಳಿಯಲಿ ಎಂದು ನಾನು ಒಂದು ಕೂ ಹಾಕಿದೆನು.

ಪಿಎಸ್‌ಐ ಭುವನಾ ಮೇಡಂ ಅವರು ಬಯಲುಸೀಮೆಯವರು, ಇಲ್ಲಿಗೆ ಬಂದು ಆರು ತಿಂಗಳಾಗಿದೆ. ಆದ್ದರಿಂದ ವಿವರಿಸುತ್ತೇನೆ. ನಮ್ಮ ಕಡೆ ಕಾಡಿನಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಬಾಯಿಗೆ ಕೈ ಅಡ್ಡ ಹಿಡಿದು ಉದ್ದಕ್ಕೆ ಕೂ ಹಾಕುತ್ತಾರೆ. ಒಂದು ಕೂ ಎಂದರೆ ಇಲ್ಲಿದ್ದೇನೆ ಎಂದು. ಕೇಳಿದವರು ತಿರುಗಿ ಕೂ ಹಾಕಲೇಬೇಕು. ಸುಮ್ಮನಿದ್ದರೆ ಮನೆಗೆ ಬಂದವರಿಗೆ ನೀರು ಕೊಡದೆ ಕಳಿಸಿದ ಹಾಗೆ. ಮೂರು ಕೂ ಎಂದರೆ ಜೀವಕ್ಕೆ ಅಪಾಯ, ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿ ಬನ್ನಿ ಎಂದು.

ನಾನು ಹಾಕಿದ್ದು ಒಂದು. ಆದರೆ ಆ ಕಮರಿಯಲ್ಲಿ ಒಂದು ಕೂ ಎರಡು ಕಡೆಯ ಬಂಡೆಗೆ ಬಡಿದು ಮೂರಾಗಿ ಮೇಲೆ ಹೋಗುತ್ತದೆ. ಚನ್ನಕೇಶವನಿಗೆ ಇದು ಗೊತ್ತಿರುವುದರಿಂದ ಅವನು ಒಂದೆಂದೇ ಲೆಕ್ಕ ಹಿಡಿದು ಮಗ್ಗುಲು ಬದಲಿಸಿದನು. ಎದುರು ಗುಡ್ಡದ ನೆತ್ತಿಯಲ್ಲಿ ಪ್ರವಾಸಿಗರನ್ನು ಜೀಪಿನಿಂದ ಇಳಿಸಿ ಫೋಟೋ ತೆಗೆಸುತ್ತಿದ್ದ ಹೋಂಸ್ಟೇ ಮಾಲೀಕರಾದ ಜಯಪ್ರಕಾಶ್ ಅವರಿಗೆ ಗೊತ್ತಿರಲಿಲ್ಲ. ಅವರು ಮೂರು ಎಣಿಸಿದರು. ನಾವು ಕಾಡಿಗೆ ಹೋದ ಸುದ್ದಿ ಪೇಟೆಗೆಲ್ಲ ಗೊತ್ತಿದ್ದುದರಿಂದ ಜಯದೇವಪ್ಪನವರಿಗೂ ಠಾಣೆಗೂ ಫೋನ್ ಮಾಡಿದರು. ಇಲ್ಲಿಯವರೆಗೆ ಅವರದು ಏನೂ ತಪ್ಪಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ.

ನಾವು ಬುತ್ತಿ ಬಿಚ್ಚಿ ಚಿತ್ರಾನ್ನ ತಿಂದು ಕಾಲು ಚಾಚಿ ಮಲಗಿದ್ದೆವು. ಎರಡೂವರೆ ಸುಮಾರಿಗೆ ಮೇಲಿನಿಂದ ಕೂ ಕೇಳಿಸಿತು. ನಾನು ಎದ್ದು ಮರ್ಯಾದೆಗೆ ತಿರುಗಿ ಒಂದು ಕೂ ಹಾಕಿದೆನು. ಅದು ಮೂರಾಗಿ ಮೇಲೆ ಹೋಗಿರಬೇಕು. ಮೇಲೆ ಹತ್ತಾರು ಜನ ಒಟ್ಟಿಗೆ ಕೂಗಿಕೊಂಡರು. ಬಸಮ್ಮ ಕಿವಿಗೊಟ್ಟು ಕೇಳಿ, "ಇದು ನಮ್ಮನೆಯವ್ರ ದನಿ. ಲಾರಿಯಿಂದ ಸಿಮೆಂಟ್ ಇಳಿಸೋವಾಗ ಹೀಗೇ ಕೂಗ್ತಾರೆ" ಎಂದರು. ಯಾರೋ ಪಾಪ ಕಾಡಿನಲ್ಲಿ ತಪ್ಪಿಸಿಕೊಂಡಿದ್ದಾರೆ, ಅವರನ್ನು ಹುಡುಕಲು ಬಂದಿರಬೇಕು ಎಂದು ನಾವು ಮರುಗಿದೆವು. ತಪ್ಪಿಸಿಕೊಂಡವರು ನಾವೇ ಎಂಬುದು ಹೊಳೆಯಲಿಲ್ಲ.

ಚನ್ನಕೇಶವನೂ ಗದ್ದಲಕ್ಕೆ ಎಚ್ಚೆತ್ತು, ಯಾರನ್ನು ಹುಡುಕುತ್ತಿದ್ದಾರೆಂದು ಕೇಳದೆ ಆ ಗುಂಪಿಗೇ ಸೇರಿಕೊಂಡು ನಮ್ಮನ್ನು ಹುಡುಕಿದನು ಎಂದು ಆಮೇಲೆ ತಿಳಿಯಿತು.

ಅಷ್ಟರಲ್ಲಿ ತಲೆಯ ಮೇಲೆ ಡ್ರೋನ್ ಸದ್ದು ಬಂತು. ಕಳಸದಲ್ಲಿ ಡ್ರೋನ್ ಇರುವುದು ಜಯಪ್ರಕಾಶ್ ಅವರ ಬಳಿ ಮಾತ್ರ. ಹುಡುಕುತ್ತಿರುವುದು ನಮ್ಮನ್ನೇ ಎಂದು ಆಗ ನನಗೆ ಅರ್ಥವಾಯಿತು. ಅವರು ಎರಡು ವರ್ಷದಿಂದ ಈ ಜಾಗ ಎಲ್ಲಿದೆ ಎಂದು ನನ್ನ ಬೆನ್ನು ಬಿದ್ದಿದ್ದಾರೆ. ಮದುವೆಮನೆಯಲ್ಲಿ ಎಲೆ ಮುಂದೆ ಕುಳಿತಾಗಲೂ ಬಿಟ್ಟಿಲ್ಲ. ಅವರು ಹಿಂದೆ ಕಂಡುಹಿಡಿದ ಅಬ್ಬಿಗೆ, ಎಂದರೆ ಜಲಪಾತಕ್ಕೆ, ಈಗ ಜೀಪುಗಳ ಸಾಲು, ಪಕ್ಕದಲ್ಲಿ ಆಮ್ಲೆಟ್ ಗಾಡಿ. ಈ ಕಮರಿ ಹೋದರೆ ನನಗೆ ಮತ್ತೊಂದು ಸಿಗುವುದಿಲ್ಲ. ಹುಡುಕೋಣವೆಂದರೆ ಅದಕ್ಕೆ ಬೇಕಾದ ಮೊಣಕಾಲು ನನ್ನ ಬಳಿ ಇಲ್ಲ.

ತಿರುಗಿ ಕೂ ಹಾಕಿದರೆ ಅವರು ಇಲ್ಲಿಗೇ ಇಳಿಯುತ್ತಾರೆ. ಹಾಕದಿದ್ದರೆ ಜಯದೇವಪ್ಪನವರ ಜೀವ ಬಾಯಿಗೆ ಬರುತ್ತದೆ. ಈ ಸಂಕಟಕ್ಕೆ ದಾರಿ ಹೇಳಿದವರು ಬಸಮ್ಮ. "ಕೂ ಹಾಕ್ವ ಟೀಚರೇ, ಆದ್ರೆ ಇಲ್ಲಿಂದ ಎಂತಕ್ಕೆ?" ಎಂದರು.

ನಾವು ಹಿಂಬದಿಯ ಕೊರಕಲು ಹತ್ತಿ, ಬಿದಿರುಮುಳ್ಳಿನ ಮಧ್ಯೆ ಸುಮಾರು ಒಂದು ಕಿಲೋಮೀಟರ್ ನಡೆದು, ಆಚೆಯ ಜವುಗಿಗೆ ಬಂದೆವು. ಅಷ್ಟು ದರಿದ್ರವಾದ ಜಾಗ ಈ ತಾಲ್ಲೂಕಿನಲ್ಲಿ ಇನ್ನೊಂದಿರಲಾರದು. ಮೊಣಕಾಲುದ್ದ ಕೆಸರು, ಎಲೆಗೊಂದು ರಕ್ತ ಹೀರುವ ಇಂಬಳ. ಅಲ್ಲಿ ನಿಂತು ನಾನು ಕೂ ಹಾಕಿದೆನು. ಅಲ್ಲಿ ಒಂದು ಹಾಕಿದರೆ ಒಂದೇ ಕೇಳಿಸುತ್ತದೆ. ನಾಲ್ಕೂಕಾಲಿಗೆ ಪಿಎಸ್‌ಐ ಮೇಡಂ ಕೂಡ ಸೇರಿ ಹುಡುಕುವವರೆಲ್ಲ ಅಲ್ಲಿಗೆ ಬಂದರು.

ಜಯದೇವಪ್ಪನವರು ಅಂಗಡಿಯಿಂದ ತಂದಿದ್ದ ಹೊಸ ಹಗ್ಗವನ್ನು ಹೆಂಡತಿಯ ಸೊಂಟಕ್ಕೆ ಕಟ್ಟಿದರು. ನೆಲ ಸಮವಾಗಿಯೇ ಇತ್ತು. ಕಣ್ಣೊರೆಸಿಕೊಳ್ಳುತ್ತ ಜೀಪಿನವರೆಗೂ ತುದಿ ಬಿಡಲಿಲ್ಲ. ಬಸಮ್ಮನೂ ಬಿಚ್ಚು ಎನ್ನಲಿಲ್ಲ. ಅವರನ್ನು ಅಷ್ಟು ಹೆದರಿಸಿದ್ದಕ್ಕೆ ನನಗೆ ನಿಜವಾಗಿ ನೋವಾಯಿತು, ಅವರ ಹತ್ತಿರ ಹೇಳಿಯೂ ಹೇಳಿದ್ದೇನೆ.

ಜಯಪ್ರಕಾಶ್ ಅವರು ನನ್ನ ಮೇಲೆ ಕೊಟ್ಟಿರುವ ದೂರಿನಲ್ಲಿ, ನಾನು ಬೇಕೆಂದೇ ಸುಳ್ಳು ಕೂ ಹಾಕಿ ದಾರಿ ತಪ್ಪಿಸಿದೆನೆಂದೂ, ಇದರಿಂದ ಅವರ ಎಡಗಾಲಿನ ಬೂಟು ಕೆಸರಿನ ಪಾಲಾಯಿತೆಂದೂ, ಡ್ರೋನ್ ಮರಕ್ಕೆ ಸಿಕ್ಕಿ ಮುಸುವ ಮಂಗಗಳ ವಶದಲ್ಲಿದೆಯೆಂದೂ, ಪಿಎಸ್‌ಐ ಮೇಡಂ ಅರ್ಧ ಗಂಟೆ ಗುಂಪಿನಿಂದ ತಪ್ಪಿಹೋಗಿ ಒದ್ದೆ ಬಟ್ಟೆಯಲ್ಲಿ ಬಂದಿದ್ದಕ್ಕೂ ನಾನೇ ಹೊಣೆಯೆಂದೂ ಇದೆ. ಕೂ ಎಂದರೆ ಇಲ್ಲಿದ್ದೇನೆ ಎಂದು. ಹಾಕಿದಾಗಲೆಲ್ಲ ನಾನು ಅಲ್ಲೇ ಇದ್ದೆ. ಇದರಲ್ಲಿ ಸುಳ್ಳೆಲ್ಲಿ ಬಂತು ಎಂದು ತಿಳಿಯದು.

ಅದು ಸರ್ಕಾರಿ ಕಾಡು, ಟೀಚರ ಅಜ್ಜನ ಆಸ್ತಿಯಲ್ಲ ಎಂದು ಅವರು ಠಾಣೆಯ ಜಗಲಿಯಲ್ಲಿ ನಿಂತು ಗಟ್ಟಿಯಾಗಿ ಹೇಳಿದರು. ಅವರ ಮಾತು ಸರಿ. ನಮ್ಮಜ್ಜನ ಆಸ್ತಿಯಾಗಿದ್ದರೆ ಇಷ್ಟು ಹೊತ್ತಿಗೆ ನಮ್ಮ ದಾಯಾದಿಗಳು ಮಾರಿ ಮುಗಿಸುತ್ತಿದ್ದರು. ಅದು ಎಲ್ಲರದ್ದು, ಜಯಪ್ರಕಾಶ್ ಅವರದ್ದೂ ಹೌದು. ನಾನು ಅದಕ್ಕೆ ಬೀಗ ಹಾಕಿಲ್ಲ. ರಸ್ತೆ ದಾಟುವ ಒಂದು ಹಳ್ಳದ ಜಾಡು ಹಿಡಿದು ನಾವಿಬ್ಬರು ಹೆಂಗಸರು ನಡೆದೇ ಕಂಡುಕೊಂಡೆವು. ಅನುಮತಿ ಪಡೆದು ಅವರೂ ನಡೆಯಲಿ. ಜೀಪಿಗೆ ದಾರಿ ಹೇಳುವ ಕೆಲಸ ಮಾತ್ರ ನನ್ನಿಂದಾಗದು.

ಕೊನೆಯದಾಗಿ, ಹೇಳಿಕೆಯ ಪ್ರತಿ ದೂರುದಾರರಿಗೂ ಹೋಗುತ್ತದೆ, ಮೊದಲ ಕೂ ಹಾಕಿದ ಸ್ಥಳವನ್ನು ಇದರಲ್ಲಿ ಬರೆಯಲೇಬೇಕು ಎಂದು ಪೇದೆಯವರು ತಿಳಿಸಿದರು. ನನ್ನ ಕೈ ನಿಂತಿತು. ಮೂವತ್ತು ವರ್ಷ ಮಕ್ಕಳಿಗೆ ಸುಳ್ಳು ಬರೆಯಬಾರದು ಎಂದು ಹೇಳಿದವಳು, ಈಗ ಬರೆಯುವುದು ಹೇಗೆ ಎಂದು ಕುಳಿತೆನು. ಅತ್ತೇಬಿಡುತ್ತೇನೆ ಅನ್ನಿಸಿತು.

ಆಗ ಪಿಎಸ್‌ಐ ಮೇಡಂ ನಾನು ಇಲ್ಲಿಯವರೆಗೆ ಬರೆದದ್ದನ್ನು ತೆಗೆದುಕೊಂಡು ಪೂರ್ತಿ ಓದಿದರು. ಆಮೇಲೆ ದನಿ ತಗ್ಗಿಸಿ, ಅಲ್ಲಿ ಗುಂಡಿಯ ಪಕ್ಕ ಬಂಡೆಯ ಮೇಲೆ ಕುಳಿತು ಪೋಲಿ ಹುಡುಗರ ಹಾಗೆ ಸಿಳ್ಳೆ ಹೊಡೆಯುವ ಆ ಕಪ್ಪು ಹಕ್ಕಿ ಯಾವುದು ಎಂದು ಕೇಳಿದರು.

ನಾನು ಅದು ಸಿಳ್ಳಾರ ಎಂದೂ, ಬೆಳಗಿನ ಹೊತ್ತು ಹೋದರೆ ಇನ್ನೂ ಚೆನ್ನಾಗಿ ಕೇಳಿಸುತ್ತದೆಂದೂ ತಿಳಿಸಿದೆನು. ಮೇಲೆ ಎಲ್ಲಿಯೂ ನಾನು ಹಕ್ಕಿಯ ವಿಷಯ ಬರೆದಿಲ್ಲ ಎಂಬುದು ಸ್ವಲ್ಪ ಹೊತ್ತಿನ ನಂತರ ಹೊಳೆಯಿತು.

ಮೇಡಂ ಹಾಳೆಗಳನ್ನು ನನ್ನ ಮುಂದೆ ಸರಿಸಿ, ಸ್ಥಳ ಸರ್ಕಾರಿ ಕಾಡು ಎಂದಷ್ಟೇ ಬರೆದರೆ ಸಾಕು, ಅದು ನಿಜವೂ ಹೌದು ಎಂದರು. ಅದರಂತೆ ಬರೆದಿದ್ದೇನೆ: ಮೊದಲ ಕೂ ಹಾಕಿದ ಸ್ಥಳ, ಸರ್ಕಾರಿ ಕಾಡು.

ಇಲ್ಲಿ ಬರೆದಿರುವುದೆಲ್ಲ ನಿಜ. ಬರೆಯದೆ ಬಿಟ್ಟಿರುವುದೂ ನಿಜ, ಅದಕ್ಕೆ ಸಾಕ್ಷಿ ಈ ಠಾಣೆಯಲ್ಲಿಯೇ ಇದ್ದಾರೆ.

ಸ್ಥಳ: ಕಳಸ
ದಿನಾಂಕ: 9-10-2023
ಸಹಿ: ಭಾಗೀರಥಿ